ಮುಂಗಾಲಿಗೆ ಒಂದು ಇಂಚು ಎಪ್ಪತ್ತು ಸೆಂಟ್

ಮುಂದಿನ ಚಕ್ರ ನೆಲ ಬಿಟ್ಟು ಒಂದು ಗೇಣು ಮೇಲೆದ್ದಿತ್ತು. ಹ್ಯಾಂಡಲಿಗೆ ಹಗ್ಗ ಬಿಗಿದು, ಹಗ್ಗವನ್ನು ಹಲಸಿನ ಕೊಂಬೆಗೆ ಎಳೆದು ಕಟ್ಟಿದ್ದರಿಂದ ಕುಸುಮಾಳ ಬೈಕು, ಹಲಸಿನ ಸೊಪ್ಪಿಗೆ ಮುಂಗಾಲೆತ್ತಿ ನಿಂತ ಮೇಕೆಯ ಹಾಗೆ ಕಾಣುತ್ತಿತ್ತು.

"ಬೀಳ್ಸಿಗೀಳ್ಸೀರಿ ಮತ್ತೆ. ಹಬ್ಬದ ಹಿಂದಿನ ದಿನ ಆಸ್ಪತ್ರೆಗೆ ಓಡಾಡಕ್ಕೆ ನನ್ಕೈಲಾಗಲ್ಲ" ಎಂದು ಅತ್ತೆ ಜವರಮ್ಮ ಜಗಲಿಯಿಂದಲೇ ಎಚ್ಚರಿಸಿದರು. ಅವರ ಮುಂದೆ ಒಬ್ಬಟ್ಟಿಗೆ ನೆನೆಹಾಕಿದ ಕಡಲೆಬೇಳೆಯ ಪಾತ್ರೆಯಿತ್ತು.

"ಬಿದ್ರೆ ನಾನು ಹಿಡ್ಕಂತೀನಿ ಕಣೆ" ಎಂದರು ಮಾವ ಲಕ್ಕಯ್ಯ.

"ನೀವಾ? ನಿನ್ನೆ ಬೆಕ್ಕು ಹಾರಿದ್ದಕ್ಕೆ ಕೈಲಿದ್ದ ಕಾಫಿ ಲೋಟ ಬಿಟ್ಟವರು."

ಕುಸುಮಾ ನಗುತ್ತಲೇ ಹಗ್ಗದ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದಳು. ಗಂಟು ಗಟ್ಟಿಯಾಗಿತ್ತು. ಇವತ್ತು ಸಂಜೆಯೊಳಗೆ ಈ ಗಾಡಿಯ ಮುಂದಿನ ಎರಡು ಶಾಕಪ್ಪಿಗೂ ಹೊಸ ಸ್ಪ್ರಿಂಗು ಬೀಳಬೇಕು. ಬಿದ್ದರೆ ನಾಳೆ ಬೆಳಕು ಹರಿಯುವ ಹೊತ್ತಿಗೆ ಅವಳ ನಾಲ್ಕು ಜೇನುಪೆಟ್ಟಿಗೆಗಳು ಷಡಕ್ಷರಿಯವರ ಕಾಫಿ ತೋಟ ಸೇರುತ್ತವೆ. ಇಲ್ಲವಾದರೆ ಇಲ್ಲ.

ಆಲ್ದೂರಿನ ಸುತ್ತಮುತ್ತ ಅವಳನ್ನು ಎಲ್ಲರೂ ಜೇನು ಕುಸುಮಕ್ಕ ಎಂದೇ ಕರೆಯುತ್ತಾರೆ. ತವರು ಅತ್ತಿಗುಂಡಿ. ಅಲ್ಲಿನ ಮರದ ಪೊಟರೆಗಳಲ್ಲಿ ಕೈ ಹಾಕಿ ತುಡುವೆ ಜೇನು ತೆಗೆಯುವುದನ್ನು ಅಜ್ಜನಿಂದ ಕಲಿತಳು, ಪಿಯುಸಿಯನ್ನು ಚಿಕ್ಕಮಗಳೂರಿನಲ್ಲಿ ಮುಗಿಸಿದಳು, ಜೀಪು ಓಡಿಸುವ ಧರ್ಮೇಶನನ್ನು ಮದುವೆಯಾಗಿ ಈ ಮನೆಗೆ ಬಂದಳು. ಬಂದ ವರ್ಷವೇ ಬೇಲಿಯ ಗಿಡದಲ್ಲಿ ಜೇನಿನ ಹಿಂಡೊಂದು ಗೊನೆಯ ಹಾಗೆ ನೇತಾಡುವುದು ಕಂಡು, ಬರಿಗೈಯಲ್ಲಿ ಅದನ್ನು ಹಳೇ ಮರದ ಪೆಟ್ಟಿಗೆಗೆ ಇಳಿಸಿಕೊಂಡಳು. ಜವರಮ್ಮ ಅವತ್ತು ಚಿಲಕ ಹಾಕಿಕೊಂಡು ಒಳಗೆ ಕೂತವರು ಕತ್ತಲಾಗುವ ತನಕ ಹೊರಗೆ ಬಂದಿರಲಿಲ್ಲ. ಈಗ ಅದೇ ಜವರಮ್ಮ ಪೆಟ್ಟಿಗೆಯ ಬದಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಾರೆ. ಹುಳ ಸೆರಗಿನ ಮೇಲೆ ಕೂತರೆ "ನಿನ್ನ ಮನೆ ಆ ಕಡೆ" ಎಂದು ದಾರಿ ತೋರಿಸುತ್ತಾರೆ.

ಧರ್ಮೇಶನ ಮದುವೆಗೆ ಮುಂಚಿನ ಬೈಕು ಕ್ರಮೇಣ ಅವಳದಾಯಿತು. ಒಂದು ಪೆಟ್ಟಿಗೆ ಹಿಂದಿನ ಕ್ಯಾರಿಯರಿನಲ್ಲಿ, ಇನ್ನೊಂದು ಗೋಣಿ ಸುತ್ತಿ ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ, ಅವಳ ಎದೆಗೆ ಒತ್ತಿಕೊಂಡು. ಹಾಗೆ ಹೋಗುವಾಗ ಇಂಜಿನ್ನಿನ ಸದ್ದಿನ ಕೆಳಗೆ ಜೇನಿನ ಸದ್ದೂ ಅವಳಿಗೆ ಕೇಳುತ್ತದೆ. ಗೊಣಗಾಟವೋ, ಗಾಬರಿಯೋ, ಬರಿ ನಿದ್ದೆಯೋ ಎಂದು ಅದರಲ್ಲೇ ತಿಳಿಯುತ್ತದೆ.

ರೋಬಸ್ಟಾ ಕಾಫಿಯ ಗಿಡ ತನ್ನ ಹೂವಿನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗವೇ ಬೇಕು. ಒಂದಷ್ಟನ್ನು ಗಾಳಿ ತರುತ್ತದೆ, ಮಿಕ್ಕದ್ದನ್ನು ಜೇನು ತರಬೇಕು. ಹೂವಾದರೋ ಎರಡು ಮೂರು ದಿನದ ನೆಂಟ. ಬೇಸಿಗೆಯಲ್ಲಿ ಒಂದು ಹದವಾದ ಹೂಮಳೆ ಬಿದ್ದು, ಎಂಟು ಹತ್ತು ದಿನಕ್ಕೆ ಇಡೀ ತೋಟ ಒಮ್ಮೆಲೇ ಬೆಳ್ಳಗಾಗುತ್ತದೆ. ಅಷ್ಟರೊಳಗೆ ಪೆಟ್ಟಿಗೆ ಅಲ್ಲಿರಬೇಕು. ಜೇನು ಕುಸುಮಾಳಿಗೆ, ಕಾಯಿ ತೋಟದವರಿಗೆ. ಷಡಕ್ಷರಿಯವರಿಗೂ ಅವಳಿಗೂ ಇರುವ ಒಪ್ಪಂದ ಇಷ್ಟೇ.

ಹೋದ ವರ್ಷ ಈ ಒಪ್ಪಂದವೇ ಮುರಿದುಬಿದ್ದಂತಾಗಿತ್ತು. ಮೋರಿಯ ತಿರುವಿನ ಇಳಿಜಾರಿನಲ್ಲಿ ಬ್ರೇಕು ಒತ್ತಿದ ಹೊತ್ತಿಗೆ ಮುಂದಿನ ಚಕ್ರ ಗುಂಡಿಗೆ ಇಳಿಯಿತು. ಶಾಕಪ್ಪು ಪೂರ್ತಿ ಕುಸಿದು, ಕಬ್ಬಿಣಕ್ಕೆ ಕಬ್ಬಿಣ ಬಡಿದು 'ಟಕ್' ಎಂದಿತು. ಅದರ ಬೆನ್ನಿಗೇ ಎದೆಗೊತ್ತಿದ ಪೆಟ್ಟಿಗೆಯೊಳಗೆ, ಹಣ್ಣಾದ ಪಪ್ಪಾಯಿ ನೆಲಕ್ಕೆ ಬಿದ್ದ ಹಾಗೆ ಮೆತ್ತನೆಯ ಸದ್ದು. ತೆರೆದು ನೋಡಿದರೆ ಹುಳ ಕಟ್ಟಿದ ಮೇಣದ ಮೂರು ಎರಿಗಳು ಚೌಕಟ್ಟಿನಿಂದ ಕಳಚಿ, ಮರಿ, ಮೇಣ, ತುಪ್ಪ ಎಲ್ಲ ತಳದಲ್ಲಿ ಒಂದಾಗಿ ಬಿದ್ದಿದ್ದವು. ಉಳಿದದ್ದನ್ನು ಬಾಳೆನಾರಿನಲ್ಲಿ ಕಟ್ಟಿ ನಿಲ್ಲಿಸಿದಳು. ಮೂರನೆಯ ದಿನಕ್ಕೆ ಪೆಟ್ಟಿಗೆ ಖಾಲಿ. ತುಡುವೆ ಜೇನಿನ ಸ್ವಭಾವವೇ ಅದು. ಮನೆ ಸರಿಬರದಿದ್ದರೆ ಜಗಳ ಮಾಡುವುದಿಲ್ಲ, ಎದ್ದು ಹೋಗುತ್ತದೆ. ಆ ಖಾಲಿ ಪೆಟ್ಟಿಗೆಯ ಮುಚ್ಚಳ ಎತ್ತಿದ ಬೆಳಗ್ಗೆಯೇ, ಶಾಕಪ್ಪು ಸರಿಯಾಗುವ ತನಕ ಇನ್ನು ಹುಳವನ್ನು ಗಾಡಿಗೆ ಹತ್ತಿಸುವುದಿಲ್ಲ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಬೇರೆ ಗಾಡಿಯ ಮಾತೂ ಬಂದಿತ್ತು. ಆದರೆ ಷಡಕ್ಷರಿಯವರ ರೋಬಸ್ಟಾ ಇರುವುದು ಹಳ್ಳದ ಆಚೆ, ಅಲ್ಲಿಯ ಕಿರಿದಾದ ಮರದ ಸಂಕದ ಮೇಲೆ ಬೈಕಷ್ಟೇ ದಾಟುತ್ತದೆ. ಸಂಕದ ತನಕವಾದರೂ ಜೀಪಿನಲ್ಲಿ ತರಬಹುದೆಂದರೆ, ಧರ್ಮೇಶನ ಜೀಪಿನ ಕುಲುಕಾಟಕ್ಕೆ ಆ ಗುಂಡಿಯೇ ವಾಸಿ.

ಇವತ್ತು ಬೆಳಗ್ಗೆ ಷಡಕ್ಷರಿಯವರ ಫೋನು ಬಂತು.

"ಕುಸುಮಾ, ಮೊಗ್ಗು ಬೆಳ್ಳಗೆ ಉಬ್ಬಿ ನಿಂತಿದೆ ಕಣಮ್ಮ. ನಾಳಿದ್ದು ಬೆಳಗ್ಗೆ ಗ್ಯಾರಂಟಿ ಬಿರೀತದೆ. ಪೆಟ್ಟಿಗೆ ನಾಳೆನೇ ಬಂದ್ರೆ ಒಳ್ಳೇದು. ಹಬ್ಬ ಅಂತ ನಿಲ್ಬೇಡ."

"ತರ್ತೀನಿ ಅಣ್ಣ."

"ಹೋದ್ವರ್ಷದ ಹಾಗೆ ಆಗದು ಬೇಡ ಮತ್ತೆ. ನಿಂಗೂ ನಷ್ಟ, ನಂಗೂ ಬೇಜಾರು."

"ಆಗಲ್ಲ ಅಣ್ಣ. ಶಾಕಪ್ ಸರಿ ಮಾಡಿಸ್ಕಂಡೇ ಬರ್ತೀನಿ."

ಹೇಳಿದ ಕೂಡಲೇ ಆಲ್ದೂರಿನ ದಯಾನಂದನ ಗ್ಯಾರೇಜಿಗೆ ಹೋದಳು. ದಯಾನಂದ ಹ್ಯಾಂಡಲ್ ಹಿಡಿದು ಒತ್ತಿದ. ಗಾಡಿಯ ಮೂತಿ ಕೆಳಗಿಳಿಯಿತು, ಮೇಲೆ ಬರಲು ಮನಸ್ಸಿಲ್ಲದಂತೆ ಅಲ್ಲೇ ಉಳಿಯಿತು.

"ಇದು ಶಾಕಪ್ಪಲ್ಲ ಕುಸುಮಕ್ಕ, ಬರೀ ಪೈಪು. ಸ್ಪ್ರಿಂಗ್ ಸತ್ತು ಯಾವ ಕಾಲ ಆಯ್ತೋ."

"ಇವತ್ತೇ ಹಾಕ್ಕೊಡು ಮಾರಾಯ."

"ಎಲ್ಲಿಂದ? ಈಗಿನ ಬಸ್ಸಿಗೆ ಹೆಂಡ್ತಿ ಮನೆಗೆ ಹೊರಟಿದೀನಿ. ಹಬ್ಬಕ್ಕೆ ಹೋಗ್ದಿದ್ರೆ ಅವ್ಳು ನನ್ನ ಸ್ಪ್ರಿಂಗ್ ಬಿಚ್ತಾಳೆ."

ಆದರೂ ಪುಣ್ಯಾತ್ಮ ಅಂಗಡಿಯ ಬಾಗಿಲು ಅರ್ಧ ಎಳೆದವನು ಮತ್ತೆ ಒಳಗೆ ಹೋಗಿ ಒಂದು ಜೊತೆ ಹೊಸ ಸ್ಪ್ರಿಂಗು, ಒಂದು ಬಾಟ್ಲಿ ಶಾಕಪ್ ಎಣ್ಣೆ, ಎರಡು ಸ್ಪ್ಯಾನರು ತಂದು ಕೊಟ್ಟ. ಮಾಡುವ ಕ್ರಮವನ್ನೂ ಹೇಳಿದ: ಮುಂದಿನ ಚಕ್ರ ಎತ್ತಿ ನಿಲ್ಲಿಸು. ಶಾಕಪ್ಪಿನ ಒಂದು ಕಾಲು ಮುಗಿದ ಮೇಲೆ ಇನ್ನೊಂದು, ಎರಡನ್ನೂ ಒಟ್ಟಿಗೆ ಬಿಚ್ಚಬೇಡ. ಕೆಳಗಿನ ಸಣ್ಣ ಸ್ಕ್ರೂ ತೆಗೆದರೆ ಹಳೇ ಎಣ್ಣೆ ಇಳಿಯುತ್ತದೆ. ಮೇಲಿನ ದಪ್ಪ ನಟ್ಟು ಬಿಚ್ಚುವಾಗ ಮುಖ ಆಚೆ ಇಟ್ಟುಕೋ, ಸ್ಪ್ರಿಂಗು ಅದನ್ನು ಹಾರಿಸುತ್ತದೆ. ಸ್ಪ್ರಿಂಗಿನ ಸುತ್ತು ಒತ್ತಾಗಿರುವ ತುದಿ ಕೆಳಗೆ.

"ಎಣ್ಣೆ ಒಂದೊಂದು ಕಾಲಿಗೆ ನೂರೆಪ್ಪತ್ತು. ಎರಡಕ್ಕೂ ಸಮ ಇರ್ಬೇಕು, ಅದು ಮುಖ್ಯ. ಅಳ್ತೆ ಗ್ಲಾಸು ಮನೇಲಿದ್ಯಾ?"

"ಗ್ಲಾಸಿಗೇನು ಬರ? ನಮ್ಮ ಮಾವನ ಹತ್ರ ಇದೆ" ಎಂದಳು ಕುಸುಮಾ.

ಅದು ನಿಜವೂ ಆಗಿತ್ತು. ಲಕ್ಕಯ್ಯ ಹತ್ತಿರದ ಎಸ್ಟೇಟಿನಲ್ಲಿ ದುಡಿದವರು. ಉಳಿದ ಕೆಲಸದ ಜೊತೆಗೆ ದಿನ ಬೆಳಗ್ಗೆ ಮಳೆ ಅಳೆಯುವುದೂ ಅವರ ಪಾಲಿನದಾಗಿತ್ತು. ಎಸ್ಟೇಟಿಗೆ ತಾನೇ ಅಳೆದುಕೊಳ್ಳುವ ಹೊಸ ಯಂತ್ರ ಬಂದಾಗ, ಮಳೆ ಹಿಡಿಯುವ ಹಳೆಯ ತಾಮ್ರದ ಆಲಿಕೆಯನ್ನೂ ಅದರ ಗಾಜಿನ ಅಳತೆ ಗ್ಲಾಸನ್ನೂ ಲೆಕ್ಕ ಬರೆಯುವ ರೈಟರು ಅವರಿಗೇ ಕೊಟ್ಟುಬಿಟ್ಟಿದ್ದರು. ಈಗ ಆಲಿಕೆ ಮನೆಯ ಹಿತ್ತಲಿನಲ್ಲಿದೆ. ಮಳೆ ಬಂದ ಮರುದಿನ ಲಕ್ಕಯ್ಯ ಬೇಲಿಯ ಬಳಿ ನಿಂತು, ರಸ್ತೆಯಲ್ಲಿ ಹೋಗುವವರಿಗೆಲ್ಲ ಲೆಕ್ಕ ಒಪ್ಪಿಸುತ್ತಾರೆ. ಈ ಗುಡ್ಡಗಳಲ್ಲಿ ಮಳೆಯ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಪೇಪರಿನಲ್ಲಿ ಮಿಲಿಮೀಟರೆಂದು ಬಂದರೆ ಅದನ್ನು ಯಾರೂ ಮಳೆ ಎಂದು ನಂಬುವುದಿಲ್ಲ.

ಕೆಲಸ ಶುರುವಾಗಿ ಬಲಗಾಲಿನ ಹಳೇ ಎಣ್ಣೆ ಇಳಿಯಿತು. ಬಸಳೆ ಬೇಯಿಸಿದ ನೀರಿನಂಥ ಬಣ್ಣ, ಅದಕ್ಕಿಂತ ಕೆಟ್ಟ ವಾಸನೆ. ಕುಸುಮಾ ಮುಖ ಆಚೆ ತಿರುಗಿಸಿ ಮೇಲಿನ ನಟ್ಟನ್ನು ಸುತ್ತು ಸುತ್ತಾಗಿ ಸಡಿಲಿಸಿದಳು. "ನಾನು ಬಟ್ಟೆ ಹಿಡೀತೀನಿ, ಹಾರಲ್ಲ" ಎಂದು ಲಕ್ಕಯ್ಯ ಟವೆಲು ಮಡಚಿಕೊಂಡು ನಿಂತರು. ಕೊನೆಯ ಸುತ್ತಿಗೆ ನಟ್ಟು ಟವೆಲಿನ ಪಕ್ಕದಿಂದಲೇ ಚಿಮ್ಮಿ, ಹಲಸಿನ ಕೊಂಬೆಗೆ ಬಡಿದು, ಜಗಲಿಯ ಕಡೆ ಹಾರಿ, ಕಡಲೆಬೇಳೆಯ ಪಾತ್ರೆಗೆ ಬುಳಕ್ಕನೆ ಬಿತ್ತು.

ಜವರಮ್ಮ ನೀರಿನಲ್ಲಿ ಕೈಯಾಡಿಸಿ ಅದನ್ನು ಎತ್ತಿ ಹಿಡಿದರು.

"ಒಬ್ಬಟ್ಟಿಗೆ ಏಲಕ್ಕಿ ತನ್ನಿ ಅಂತ ಎರಡು ದಿನದಿಂದ ಬಡ್ಕಂತಿದೀನಿ. ತಂದ್ಹಾಕಿದ್ದು ನಟ್ಟು."

"ಅದು ಆ ಕಡೆ ಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು?" ಎಂದರು ಲಕ್ಕಯ್ಯ.

"ನನಗೆ ಗೊತ್ತಿತ್ತು. ನೀವು ಬಟ್ಟೆ ಹಿಡಿದ ಕೂಡ್ಲೇ ಗೊತ್ತಾಯ್ತು."

ಹಳೇ ಸ್ಪ್ರಿಂಗನ್ನು ಎಳೆದು ಹೊಸದರ ಪಕ್ಕ ಕುಸುಮಾ ನಿಲ್ಲಿಸಿ ನೋಡಿದಳು. ಹಳೆಯದು ಒಂದು ಹೆಬ್ಬೆರಳಿನಷ್ಟು ಕುಳ್ಳಾಗಿತ್ತು. ಇಷ್ಟು ವರ್ಷ ಗುಂಡಿ ತಿಂದು, ಭಾರ ಹೊತ್ತು, ನೆಟ್ಟಗೆ ನಿಲ್ಲುವುದನ್ನೇ ಮರೆತ ಸ್ಪ್ರಿಂಗು ಅದು. ಹೋದ ವರ್ಷದ 'ಟಕ್' ಎಲ್ಲಿಂದ ಬಂತೆಂದು ಕುಸುಮಾಳಿಗೆ ಕಣ್ಣಾರೆ ಕಂಡಿತು.

"ಮಾವ, ಇನ್ನು ಎಣ್ಣೆ. ಒಂದೊಂದು ಕಾಲಿಗೆ ನೂರೆಪ್ಪತ್ತು."

ಲಕ್ಕಯ್ಯ ಒಳಗಿಂದ ಮಳೆ ಗ್ಲಾಸನ್ನು ತಂದರು. ಪಂಚೆಯ ತುದಿಯಿಂದ ಒರೆಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಎಣ್ಣೆ ಬಗ್ಗಿಸಿದರು. ಅಳೆಯುವುದೆಂದರೆ ಅವರಿಗೆ ದೇವರ ಕೆಲಸ. ಉಸಿರು ಕೂಡ ಬಿಗಿಹಿಡಿಯುತ್ತಾರೆ.

"ನೂರೆಪ್ಪತ್ತು ಅಂದ್ರೆ ಒಂದು ಇಂಚು ಎಪ್ಪತ್ತು ಸೆಂಟು" ಎಂದರು.

"ಹೂಂ" ಎಂದಳು ಕುಸುಮಾ. ಒಳ್ಳೇ ಮಳೆ ಎಂದು ಅವಳ ಮನಸ್ಸಿನಲ್ಲಿ ಹಾದೂ ಹೋಯಿತು. ಈ ಊರಿನ ಯಾರ ಮನಸ್ಸಿನಲ್ಲಾದರೂ ಅಷ್ಟೇ ಹಾದು ಹೋಗುತ್ತಿತ್ತು.

ಗ್ಲಾಸಿಗೆ ಒಂದು ಸಲಕ್ಕೆ ಹಿಡಿಯುವುದು ಐವತ್ತು ಸೆಂಟು. ಮೊದಲ ಗ್ಲಾಸು ಕೊಳವೆಯೊಳಗೆ ತಣ್ಣಗೆ ಇಳಿಯಿತು. ಎರಡನೆಯದನ್ನು ಹೊಯ್ಯುತ್ತಿದ್ದಂತೆ ಎಣ್ಣೆ ಕೊಳವೆಯ ಬಾಯಿಗೇ ಬಂದು, ಅಂಚು ತುಂಬಿ, ಶಾಕಪ್ಪಿನ ಮೈಮೇಲೆಲ್ಲ ಹರಿದು ಮಣ್ಣಿಗೆ ಇಳಿಯಿತು.

"ಅಯ್ಯಯ್ಯೋ, ಕೋಡಿ ಬಿತ್ತು!" ಎಂದು ಲಕ್ಕಯ್ಯ ಗ್ಲಾಸು ಹಿಂದಕ್ಕೆ ಎಳೆದರು. "ಇನ್ನೂ ಒಂದಿಂಚೂ ಆಗ್ಲಿಲ್ಲ. ದಯಾನಂದ ಸುಳ್ಳು ಹೇಳಿದಾನೆ."

ಕುಸುಮಾ ಬಾಟ್ಲಿಯನ್ನು ಎತ್ತಿ ನೋಡಿದಳು. ತಳದಲ್ಲಿ ಸ್ವಲ್ಪ ಉಳಿದಿತ್ತು. ಚೀಟಿಯ ಮೇಲೆ ಮುನ್ನೂರೈವತ್ತು ಎಂಎಲ್ ಎಂದು ಬರೆದಿತ್ತು. ನೂರೆಪ್ಪತ್ತು, ನೂರೆಪ್ಪತ್ತು, ಸೇರಿದರೆ ಮುನ್ನೂರ ನಲವತ್ತು. ಎರಡು ಕಾಲಿಗೂ ಸಾಕಾಗಬೇಕಾದ ಬಾಟ್ಲಿ ಒಂದೇ ಕಾಲಿಗೆ ಮುಗಿಯುತ್ತ ಬಂದಿದೆ.

"ಮಾವ, ಆ ಗ್ಲಾಸು ತಪ್ಪು ಹೇಳ್ತಿದೆ."

"ಈ ಗ್ಲಾಸು ತಪ್ಪು ಹೇಳಿದ್ದೇ ಇಲ್ಲ" ಎಂದ ಲಕ್ಕಯ್ಯನವರ ದನಿಯಲ್ಲಿ ನೋವಿತ್ತು. "ಎಸ್ಟೇಟಿನ ದೊಡ್ಡ ಸಾಹುಕಾರ್ರೇ ಒಪ್ಪಿದ್ದ ಗ್ಲಾಸಿದು."

ಕುಸುಮಾ ಸ್ಪ್ಯಾನರು ಕೆಳಗಿಟ್ಟು ಹಿತ್ತಲಿನ ಕಡೆ ನೋಡಿದಳು. ತಾಮ್ರದ ಆಲಿಕೆ ಅಂಗೈಗಿಂತ ಅಗಲವಾಗಿ ಬಾಯಿ ತೆರೆದು ನಿಂತಿತ್ತು. ಗ್ಲಾಸಾದರೋ ಮೂರು ಬೆರಳಿನಷ್ಟು ದಪ್ಪ. ಆಗ ಅವಳಿಗೆ ಹೊಳೆಯಿತು. ಗ್ಲಾಸು ಹೇಳಿದ್ದು ಸರಿಯೇ. ಆದರೆ ಅದಕ್ಕೆ ಗೊತ್ತಿರುವುದು ಮಳೆ ಮಾತ್ರ. ಒಂದು ಸೆಂಟ್ ಎಂದರೆ ಆ ಅಗಲವಾದ ಆಲಿಕೆಯ ಬಾಯಿಯ ಉದ್ದಗಲಕ್ಕೂ ಇಂಚಿನ ನೂರನೇ ಒಂದು ಭಾಗದಷ್ಟು ನಿಂತ ನೀರು. ಅದನ್ನು ಕಿರಿದಾದ ಗ್ಲಾಸಿಗೆ ಸುರಿದಾಗ ಗೆರೆಗಳು ದೂರ ದೂರವಾಗಿ, ಓದಲು ಸುಲಭವಾಗುತ್ತವೆ. ದಯಾನಂದ ಹೇಳಿದ್ದು ಸೆಂಟಲ್ಲ, ಸೀಸಿ, ಅಂದರೆ ಬಾಟ್ಲಿಯ ಮೇಲಿನ ಎಂಎಲ್. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅವಳು ಕೇಳಲಿಲ್ಲ, ಮಾವ ಕೇಳುವ ಪ್ರಶ್ನೆಯೇ ಇಲ್ಲ.

"ಮಾವ, ನಾವು ಶಾಕಪ್ಪಿಗೆ ಮಳೆ ಹೊಯ್ದ್ವಿ" ಎಂದಳು ಕುಸುಮಾ. ಲಕ್ಕಯ್ಯ ಗ್ಲಾಸನ್ನೂ ಕೊಳವೆಯನ್ನೂ ಒಂದು ಸಲ ನೋಡಿದರು. ಆಮೇಲೆ ಮೊದಲು ನಕ್ಕವರು ಅವರೇ.

ನಗು ನಿಂತ ಮೇಲೆ ಕುಸುಮಾಳಿಗೆ ನಿಜವಾದ ಪೇಚಾಟ ಕಾಣತೊಡಗಿತು. ಮಣ್ಣಿಗೆ ಹೋದ ಎಣ್ಣೆ ವಾಪಸ್ ಬರುವುದಿಲ್ಲ. ದಯಾನಂದನ ಬಾಗಿಲು ಮುಚ್ಚಿದೆ. ಹಬ್ಬಕ್ಕೆ ಮಿಕ್ಕ ಗ್ಯಾರೇಜುಗಳೂ ಮುಚ್ಚಿವೆ. ಧರ್ಮೇಶ ಪ್ರವಾಸಿಗರನ್ನು ಕರೆದುಕೊಂಡು ಗಿರಿ ಹತ್ತಿದ್ದಾನೆ, ಗುಡ್ಡದ ಹಿಂದೆ ಅವನ ಫೋನು ಸಿಗುವುದಿಲ್ಲ. ಮೊಗ್ಗು ಇದನ್ನೆಲ್ಲ ಕೇಳಿ ಕಾಯುವುದಿಲ್ಲ.

ಅವಳು ಕೊಳವೆಯ ಕೆಳಗಿನ ಸ್ಕ್ರೂ ಮತ್ತೆ ತೆಗೆದಳು. "ಅತ್ತೆ, ಒಂದು ಚೊಕ್ಕವಾದ ಪಾತ್ರೆ."

"ಹಾಲಿನ ಪಾತ್ರೆ ಕೊಡಲ್ಲ."

"ಸಾರಿನದು ಕೊಡಿ."

"ಸಾರಿಂದು ಕೊಟ್ರೆ ನಾಳೆ ಸಾರು ಶಾಕಪ್ ಆಗ್ತದೆ" ಎಂದರೂ ಜವರಮ್ಮ ಹಳೇ ಸ್ಟೀಲಿನ ಬೋಗುಣಿಯೊಂದನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ ತಂದಿಟ್ಟರು. ಎಣ್ಣೆ ಅದಕ್ಕೆ ಇಳಿಯಿತು. ಗ್ಲಾಸಿನಲ್ಲಿ ಮಿಕ್ಕದ್ದು, ಬಾಟ್ಲಿಯ ತಳದಲ್ಲಿದ್ದದ್ದು ಎಲ್ಲವೂ ಅದಕ್ಕೇ ಸೇರಿದವು.

"ಈಗ ನಮ್ಗೆ ಬೇಕಾದ್ದು ಎಷ್ಟು ಸೆಂಟು ಅಂತ ತಿಳೀಬೇಕು. ಎಂಎಲ್ ಗೊತ್ತಿರೋ ಬಾಟ್ಲಿ ಒಂದು ಸಿಕ್ಕಿದ್ರೆ ನೀರು ತುಂಬಿ ನೋಡ್ಬೋದಿತ್ತು" ಎಂದಳು ಕುಸುಮಾ.

"ಕ್ವಾರ್ಟರ್ ಬಾಟ್ಲಿ ನೂರೆಂಬತ್ತು ಎಂಎಲ್" ಎಂದು ಲಕ್ಕಯ್ಯ ಥಟ್ಟನೆ ಹೇಳಿದರು.

ಅತ್ತೆ, ಸೊಸೆ ಇಬ್ಬರೂ ಅವರ ಕಡೆ ತಿರುಗಿದರು.

"ಅದು... ಎಲ್ರಿಗೂ ಗೊತ್ತಿರೋ ವಿಷ್ಯ."

"ನಂಗೆ ಗೊತ್ತಿರ್ಲಿಲ್ಲ" ಎಂದರು ಜವರಮ್ಮ. "ಇನ್ನು ಬಾಟ್ಲಿ ಎಲ್ಲಿದೆ ಅಂತನೂ ಎಲ್ರಿಗೂ ಗೊತ್ತಾ?"

ಲಕ್ಕಯ್ಯ ಸೌದೆ ರಾಶಿಯ ಹಿಂದೆ ಹೋಗಿ ಖಾಲಿ ಕ್ವಾರ್ಟರ್ ಬಾಟ್ಲಿಯೊಂದನ್ನು ತಂದರು. "ಸೀಮೆಎಣ್ಣೆ ಹಾಕಕ್ಕೆ ಇಟ್ಟಿದ್ದು" ಎಂದು ಯಾರೂ ಕೇಳದಿದ್ದರೂ ಹೇಳಿದರು.

ಬಾಟ್ಲಿಯ ತುಂಬ ನೀರು ತುಂಬಿ ಗ್ಲಾಸಿಗೆ ಸುರಿದರು. ಒಂದು ಗ್ಲಾಸು ಪೂರ್ತಿ, ಅದರ ಮೇಲೆ ಆರು. ನೂರೆಂಬತ್ತಕ್ಕೆ ಐವತ್ತಾರು ಸೆಂಟಾದರೆ ನೂರೆಪ್ಪತ್ತಕ್ಕೆ ಐವತ್ಮೂರು. ಆಮೇಲೆ ಗ್ಲಾಸನ್ನು ಚೆನ್ನಾಗಿ ಒಣಗಿಸಿ ಬೋಗುಣಿಯ ಎಣ್ಣೆಯನ್ನು ಅಳೆದರು. ಲಕ್ಕಯ್ಯ ಈ ಸಲ ಮೊಣಕಾಲೂರಿ ಕೂತು, ಗ್ಲಾಸನ್ನು ಒಳಕಲ್ಲಿನ ಮೇಲೆ ನಿಲ್ಲಿಸಿ ನೋಡಿದರು. ಒಟ್ಟು ತೊಂಬತ್ತೆಂಟು. ಸಮ ಪಾಲು ಮಾಡಿದರೆ ಕಾಲಿಗೆ ನಲವತ್ತೊಂಬತ್ತು.

"ನಾಲ್ಕು ಸೆಂಟು ಕಡಿಮೆ" ಎಂದಳು ಕುಸುಮಾ.

"ನಾಲ್ಕು ಸೆಂಟು ಮಳೆಗೆ ರಸ್ತೆ ಧೂಳೂ ಅಡಗಲ್ಲ. ಅದನ್ನ ನಾನು ಮಳೆ ಅಂತ ಲೆಕ್ಕಕ್ಕೇ ಹಿಡೀತಿರ್ಲಿಲ್ಲ" ಎಂದರು ಲಕ್ಕಯ್ಯ.

ಕುಸುಮಾಳಿಗೆ ಅಷ್ಟು ಧೈರ್ಯ ಬರಲಿಲ್ಲ. ದಯಾನಂದನಿಗೆ ಫೋನು ಮಾಡಿದಳು. ಬಸ್ಸಿನ ಗದ್ದಲದಲ್ಲಿ ಎಲ್ಲವನ್ನೂ ಎರಡೆರಡು ಸಲ ಹೇಳಬೇಕಾಯಿತು. ಕೇಳಿಸಿದ ಮೇಲೆ ಅವನು ನಕ್ಕ ನಗುವಿಗೆ ಪಕ್ಕದ ಸೀಟಿನವರು ಏನಾಯಿತೆಂದು ಕೇಳಿದ್ದು ಇಲ್ಲಿಗೂ ಕೇಳಿಸಿತು.

"ಎರಡೂ ಸಮ ಇದ್ಯಲ್ಲ, ಹಾಗಾದ್ರೆ ಹೆದ್ರಬೇಡ ಕುಸುಮಕ್ಕ. ಎಣ್ಣೆ ಕಮ್ಮಿ ಆದ್ರೆ ಶಾಕಪ್ಪು ಪೂರ್ತಿ ಕುಸಿಯೋ ಹೊತ್ತಿಗೆ ಒಂಚೂರು ಮೆತ್ತಗಿರ್ತದೆ, ಅಷ್ಟೇ. ಹೊಸ ಸ್ಪ್ರಿಂಗು ತಡೀಬೋದು. ತಡೀದೆನೂ ಇರ್ಬೋದು. ಭಾರ ಹಾಕಿ ಓಡ್ಸಿ ನೋಡು. ಒಂದಿಂಚು ಎಪ್ಪತ್ತು ಸೆಂಟಾ! ನಮ್ಮ ಮಾವನಿಗೂ ಹೇಳ್ತೀನಿ ಇದನ್ನ."

ತಡೆಯಬಹುದು, ತಡೆಯದೆಯೂ ಇರಬಹುದು. ಎರಡೂ ಕಾಲಿಗೆ ಸ್ಪ್ರಿಂಗು ಇಳಿಸಿ, ಎಣ್ಣೆ ಹೊಯ್ದು, ನಟ್ಟು ಬಿಗಿದು, ಹಲಸಿನ ಕೊಂಬೆಯಿಂದ ಗಾಡಿಯನ್ನು ಬಿಡಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಕುಸುಮಾ ಹ್ಯಾಂಡಲ್ ಒತ್ತಿದಳು. ಗಾಡಿಯ ಮೂತಿ ಇಳಿದು, ತಡವರಿಸದೆ ಮೇಲೆ ಬಂದು ನಿಂತಿತು. ಆದರೆ ಅಂಗಳದಲ್ಲಿ ಕೈಯಿಂದ ಒತ್ತುವುದು ಬೇರೆ, ಮೋರಿಯ ಗುಂಡಿ ಬೇರೆ.

ಅವಳು ಒಳಗೆ ಹೋಗಿ ಎರಿ ಕಟ್ಟುವ ಬಾಳೆನಾರಿನ ಒಂದು ಎಳೆ ತಂದಳು. ಶಾಕಪ್ಪಿನ ಹೊಳೆಯುವ ಕೊಳವೆಗೆ, ಕೆಳಗಿನ ರಬ್ಬರಿಗೆ ತಾಗಿದಂತೆ ಅದನ್ನು ಸುತ್ತಿ ಗಂಟು ಹಾಕಿದಳು. ಶಾಕಪ್ಪು ಕುಸಿದಾಗ ರಬ್ಬರು ನಾರನ್ನು ಮೇಲಕ್ಕೆ ತಳ್ಳುತ್ತದೆ; ವಾಪಸ್ ಇಳಿಯುವಾಗ ನಾರನ್ನು ಅಲ್ಲೇ ಬಿಟ್ಟು ಬರುತ್ತದೆ. ಎಷ್ಟು ಕುಸಿಯಿತೆಂದು ಆಮೇಲೆ ನಿಧಾನವಾಗಿ ಓದಬಹುದು. ಲಕ್ಕಯ್ಯನವರಿಗೆ ಇದು ಬಹಳ ಹಿಡಿಸಿತು.

"ಇನ್ನು ಭಾರ" ಎಂದು ಅವಳು ಸುತ್ತ ನೋಡಿದಳು. ಕಲ್ಲು ತುಂಬಿದ ಖಾಲಿ ಪೆಟ್ಟಿಗೆ ಟ್ಯಾಂಕಿನ ಮೇಲೆ ಕೂತಿತು. ಹಿಂದಕ್ಕೆ ಏನೆಂದು ಯೋಚಿಸುತ್ತಿದ್ದಾಗ ಅವಳ ಕಣ್ಣು ಮಾವನ ಮೇಲೆ ನಿಂತಿತು.

"ಛೆ, ಛೆ. ಸೊಸೆ ಬೆನ್ನ ಹಿಂದೆ ಕೂತ್ಕಂಡು ಊರ ಮೇಲೆ ಹೋಗದಾ? ನೋಡಿದವ್ರು ಏನಂತಾರೆ?"

"ಶಾಕಪ್ಪಿಗೆ ಮಳೆ ಹೊಯ್ದ ಸುದ್ದಿ ಬಸ್ಸು ಹತ್ತಿ ಹೋಗಿದೆ. ಇನ್ನು ಜನ ಅನ್ನಕ್ಕೆ ಏನುಳಿದಿದೆ?" ಎಂದರು ಜವರಮ್ಮ. "ಹತ್ತಿ. ಇಷ್ಟು ಹೊತ್ತಲ್ಲಿ ನಿಮ್ಮಂಥ ಭಾರ ಇನ್ನೆಲ್ಲಿ ಸಿಗ್ತದೆ?"

ಲಕ್ಕಯ್ಯ ಪಂಚೆ ಎತ್ತಿ ಕಟ್ಟಿ ಹತ್ತಿದರು. ಕ್ಯಾರಿಯರಿನ ಕಂಬಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡರು.

ಮೋರಿಯ ತಿರುವು ಬಂತು. ಕುಸುಮಾ ಹೋದ ವರ್ಷದ ಗುಂಡಿಯನ್ನು ಹುಡುಕಬೇಕಾಗಿರಲಿಲ್ಲ. ಅದರ ಆಕಾರ ಅವಳಿಗೆ ಬಾಯಿಪಾಠ. ಬೇಕೆಂದೇ ಅದೇ ವೇಗದಲ್ಲಿ ಇಳಿದಳು, ಅದೇ ಜಾಗದಲ್ಲಿ ಬ್ರೇಕು ಒತ್ತಿದಳು. ಚಕ್ರ ಗುಂಡಿಗೆ ಇಳಿಯಿತು. ಮೂತಿ ಕೆಳಗೆ, ಇನ್ನೂ ಕೆಳಗೆ ಹೋಯಿತು. ಅವಳ ಕಿವಿ ಆ ಒಂದು ಸದ್ದಿಗಾಗಿ ಕಾದಿತ್ತು. ಸದ್ದು ಬರಲಿಲ್ಲ. ಗಾಡಿ ಉಸಿರೆಳೆದುಕೊಂಡಂತೆ ಮೇಲೆದ್ದು ಮುಂದೆ ಹೋಯಿತು.

"ಗುಂಡಿ ಬಂತಾ?" ಎಂದು ಹಿಂದಿನಿಂದ ಲಕ್ಕಯ್ಯ ಕೇಳಿದರು.

"ಹೋಯ್ತು ಮಾವ. ಇಳೀರಿ, ನಾರು ನೋಡನ."

ಇಬ್ಬರೂ ರಸ್ತೆಯ ಮೇಲೇ ಕುಕ್ಕುರುಗಾಲಿನಲ್ಲಿ ಕೂತರು. ಬಾಳೆನಾರು ಕೊಳವೆಯಲ್ಲಿ ಮೇಲಕ್ಕೆ ಏರಿ ನಿಂತಿತ್ತು. ಅದರ ಮೇಲೆ ಹೊಳೆಯುವ ಕೊಳವೆ ಇನ್ನೂ ಉಳಿದಿತ್ತು. ಲಕ್ಕಯ್ಯ ಬೆರಳಿಟ್ಟು ಅಳೆದರು. ಅವರ ಬೆರಳು ದಪ್ಪವೆಂದು ಕುಸುಮಾ ತನ್ನದನ್ನೂ ಇಟ್ಟು ನೋಡಿದಳು. ಎರಡು ಬೆರಳು ಬಾಕಿ. ಇಷ್ಟು ಭಾರ ಹೊತ್ತು, ಅಷ್ಟು ಕೆಟ್ಟ ಗುಂಡಿಗೆ ಇಳಿದೂ ಎರಡು ಬೆರಳು ಬಾಕಿ. ಜೇನುಪೆಟ್ಟಿಗೆ ಮಾವನಿಗಿಂತ ಬಹಳ ಹಗುರ.

"ಸಾಕಾ?" ಎಂದರು ಲಕ್ಕಯ್ಯ.

"ಸಾಕು ಮಾವ."

"ಹಂಗಾದ್ರೆ ಇಲ್ಲಿ ತನ್ಕ ಬಂದಿದೀವಿ, ಆಲ್ದೂರಿಗೇ ಹೋಗಿ ಏಲಕ್ಕಿ ತಂದ್ಬಿಡನ. ಕಿರಾಣಿ ಅಂಗ್ಡಿ ಇನ್ನೂ ಮುಚ್ಚಿರಲ್ಲ. ಅವ್ಳ ಬಾಯಾದ್ರೂ ಮುಚ್ತದೆ." ಈ ಸಲ ಅವರು ಕಣ್ಣು ತೆರೆದುಕೊಂಡೇ ಹತ್ತಿದರು.

ಸಂಜೆ ಹುಳಗಳೆಲ್ಲ ಮನೆ ಸೇರಿದ ಮೇಲೆ ಕುಸುಮಾ ನಾಲ್ಕೂ ಪೆಟ್ಟಿಗೆಗಳ ಬಾಗಿಲಿಗೆ ಜಾಲರಿ ಹೊಡೆದಳು. ಬೆಳಕು ಹರಿಯುವ ಮುಂಚಿನ ತಂಪಿನಲ್ಲಿ ಮೊದಲ ಎರಡನ್ನು ಗಾಡಿಗೆ ಕಟ್ಟಿದಳು. ರಾತ್ರಿ ಬಂದ ಧರ್ಮೇಶ ಗೋಣಿಯ ಹಗ್ಗ ಬಿಗಿಯುತ್ತ, "ನಾನಿದ್ದಿದ್ರೆ ಎಣ್ಣೆ ಚೆಲ್ತಿರ್ಲಿಲ್ಲ" ಎಂದ. "ನೀವಿದ್ದಿದ್ರೆ ನಟ್ಟೇ ಸಿಕ್ತಿರ್ಲಿಲ್ಲ" ಎಂದು ಕುಸುಮಾ ಗಾಡಿ ಬಿಟ್ಟಳು.

ದಾರಿಯುದ್ದಕ್ಕೂ ಎದೆಗೊತ್ತಿದ ಪೆಟ್ಟಿಗೆಯಿಂದ ಒಂದೇ ಸಮನೆ, ಏರದ ಇಳಿಯದ ಗುಂಯ್ ಸದ್ದು ಬರುತ್ತಿತ್ತು. ಮೋರಿಯಲ್ಲಿ ಅದು ಒಂದು ಕ್ಷಣ ನಿಂತಿತು, ಆಮೇಲೆ ಅದೇ ದನಿಯಲ್ಲಿ ಮುಂದುವರಿಯಿತು. ಸಂಕ ದಾಟುವಾಗ ಅವಳಿಗೆ ಇಂಜಿನ್ನಿನ ಸದ್ದೇ ಮರೆತುಹೋಗಿತ್ತು.

ಎರಡು ಸಲ ಹೋಗಿ ಬರುವಷ್ಟರಲ್ಲಿ ಬಿಸಿಲು ಸಿಲ್ವರ್ ಓಕಿನ ನೆತ್ತಿಗೆ ಬಂತು. ಷಡಕ್ಷರಿಯವರು ಹಬ್ಬದ ಹೊಸ ಪಂಚೆಯಲ್ಲೇ ತೋಟಕ್ಕೆ ಇಳಿದು ಬಂದು, ಪೆಟ್ಟಿಗೆಗಳಿಂದ ನಾಲ್ಕು ಮಾರು ದೂರದಲ್ಲಿ ನಿಂತರು. ಹುಳದ ವಿಷಯ ಎಲ್ಲ ಗೊತ್ತಿದ್ದೂ ಅವರು ಅದಕ್ಕಿಂತ ಹತ್ತಿರ ಬರುವುದಿಲ್ಲ.

"ಹೇಗೆ ಬಂತಮ್ಮ?"

"ನೋಡೇ ಹೇಳ್ತೀನಣ್ಣ."

ಒಂದೊಂದಾಗಿ ಮುಚ್ಚಳ ಎತ್ತಿದಳು. ಮೊದಲನೆಯದರಲ್ಲಿ ಎರಿಗಳು ಚೌಕಟ್ಟಿನಲ್ಲಿ ನೆಟ್ಟಗೆ ನಿಂತಿದ್ದವು. ಎರಡನೆಯದೂ ಹಾಗೇ. ಮೂರನೆಯದು. ನಾಲ್ಕನೆಯದು ಹೋದ ತಿಂಗಳಷ್ಟೇ ಹಿಡಿದ ಹಿಂಡು. ಎರಿ ಎಲ್ಲ ಹೊಸದು, ಬೆಳ್ಳಗೆ, ಉಸಿರು ತಾಗಿದರೆ ಮುರಿಯುವಷ್ಟು ಎಳೆಯದು. ಅದರ ಮುಚ್ಚಳವನ್ನು ಅವಳು ಎಲ್ಲದಕ್ಕಿಂತ ನಿಧಾನವಾಗಿ ಎತ್ತಿದಳು. ಹುಳಗಳು ಎರಿಯ ಮೇಲೆ ಒತ್ತೊತ್ತಾಗಿ ಕೂತಿದ್ದವು. ತಳದ ಹಲಗೆಯ ಮೇಲೆ ಮೇಣದ ಒಂದು ಚೂರೂ ಇರಲಿಲ್ಲ.

"ಎಲ್ಲ ಇದೆ ಅಣ್ಣ" ಎಂದಳು. ದನಿ ಸ್ವಲ್ಪ ಮೇಲೆ ಹೋಯಿತು.

"ಸರಿ ಹಾಗಾದ್ರೆ, ಮುದ್ದಮ್ಮ ಒಬ್ಬಟ್ಟು ಮಾಡಿ ಕಾಯ್ತಿದಾಳೆ. ತಿಂದೇ ಹೋಗ್ಬೇಕು" ಎಂದು ಷಡಕ್ಷರಿಯವರು ಹೆಂಡತಿಯ ಹೆಸರು ಹೇಳಿ ಮನೆಯ ಕಡೆ ಹೊರಟರು.

ಕುಸುಮಾ ಜಾಲರಿ ತೆಗೆದಳು. ಒಂದು ಹುಳ ಬಾಗಿಲಿಗೆ ಬಂದು ಮೀಸೆ ಒರೆಸಿಕೊಂಡಿತು. ಹೊರಗೆ ಹಾರಿ, ಪೆಟ್ಟಿಗೆಯ ಕಡೆಗೇ ಮುಖ ಮಾಡಿ, ಎಡಕ್ಕೂ ಬಲಕ್ಕೂ ತೂಗುತ್ತ ಹೊಸ ಜಾಗದ ಗುರುತು ಹಿಡಿಯಿತು. ಅದರ ಹಿಂದೆ ಇನ್ನೊಂದು, ಆಮೇಲೆ ನಾಲ್ಕಾರು. ತಾಕಿನ ಅಂಚಿನಲ್ಲಿ, ಬಿಸಿಲು ಹೆಚ್ಚು ಬೀಳುವ ಒಂದು ಗಿಡ ಉಳಿದವಕ್ಕೆ ಕಾಯದೆ ಅವತ್ತೇ ಬಿರಿದಿತ್ತು. ಮೊದಲ ಹುಳ ಒಂದು ಸುತ್ತು ದೊಡ್ಡದಾಗಿ ಹೊಡೆದು, ನೇರ ಆ ಗಿಡಕ್ಕೇ ಹೋಗಿ ಕೂತಿತು.